ಮಣಿಕಟ್ಟು

ಅಗ್ರಹಾರದ ಸರ್ಕಲ್ಲಿನಲ್ಲಿ ಡ್ರೈವರು ಬ್ರೇಕು ಹಾಕಿದ,
ಅಷ್ಟೇ.
ನಲವತ್ತು ಜನ ಮುಗ್ಗರಿಸಿ, ಬೈದು, ಸುಮ್ಮನಾದರು.
ಮುರಿದದ್ದು ನನ್ನೊಬ್ಬಳ ಕೈ.
ಕಂಬಿ ಹಿಡಿದಿದ್ದ ಎಡಗೈ. ಚಟ್ ಅಂತ,
ನುಗ್ಗೆ ಕೊಂಬೆಯ ಸದ್ದು.
ಟಿಕೆಟ್ ಮಿಷನ್ನು ಬಲಗೈಯಲ್ಲಿ ಹಾಗೇ ಇತ್ತು,
ಅರ್ಧ ಚೀಟಿ ಹೊರಗೆ ನಾಲಗೆ ಚಾಚಿ.

ಪೈಲ್ವಾನ್ ಸಿದ್ದಪ್ಪಾಜಿಯ ಮಗಳು ನಾನು.
ನಜರಬಾದಿನ ಗರಡಿಯ ಕೆಮ್ಮಣ್ಣಿನಲ್ಲಿ
ಅಪ್ಪ ಬಿದ್ದದ್ದು ಎಷ್ಟು ಸಲವೋ, ಎದ್ದದ್ದೂ ಅಷ್ಟೇ ಸಲ;
ಒಂದು ಬೆರಳೂ ಉಳುಕಲಿಲ್ಲ.
ಅವನ ಹೆಬ್ಬೆರಳು ಕಿರುಬೆರಳು ಕೂಡಿದರೆ ಸಾಕು,
ಅವ್ವನ ಮಣಿಕಟ್ಟು ಅದರೊಳಗೆ ಸಡಿಲ.
ಹಾಗೆ ಹಿಡಿದು ನಗುತ್ತಿದ್ದ: 'ಇದೇನು ಸಾಕಿ, ಕೈಯೋ ಹೀರೆಬಳ್ಳಿಯೋ?'
ಅವ್ವ ಕೊಸರಿಕೊಂಡು ಮುದ್ದೆ ತೊಳಸಲು ಹೋಗುತ್ತಿದ್ದಳು.

ನಾವು ಹುಟ್ಟುವ ಮುಂಚೆಯೇ ಪಾಲು ಆಗಿಹೋಗಿತ್ತು.
ಪಂಚಾಯ್ತಿಯಿಲ್ಲ, ಪತ್ರವಿಲ್ಲ, ರುಜು ಹಾಕಿದವರಿಲ್ಲ.
ತಮ್ಮ ಕೆಂಡಗಣ್ಣನಿಗೆ ಅಪ್ಪನ ತೊಲೆ, ಅಪ್ಪನ ಕಂಬ.
ನನಗೆ ಅಪ್ಪನ ಮೂಗು, ಅಪ್ಪನ ಸಿಟ್ಟು,
ಅವ್ವನ ಕಡೆಯ ಮೂಳೆ.
ಒಂದೇ ಮಡಕೆಯ ರಾಗಿ ಇಬ್ಬರಿಗೂ, ಒಂದೇ ಸೊಪ್ಪಿನ ಸಾರು.
'ಮುದ್ದೆ ತಿಂದವಳ ಮೂಳೆ ಮುರೀತದಾ?'
ನೋಡಲು ಬಂದವರೆಲ್ಲ ಕೇಳಿದರು,
ಮೂಸಂಬಿ ಕೆಳಗಿಡುತ್ತಾ.

ತಂಪು ಕೋಣೆ. ಮಿಷನ್ನಿನ ತೋಳು ನನ್ನ ಮೇಲೆ
ಬಿಸಿಯಿಲ್ಲದ ಇಸ್ತ್ರಿಪೆಟ್ಟಿಗೆಯ ಹಾಗೆ ಹಾದುಹೋಯಿತು.
ಮೈನಸ್ ಎರಡು ಪಾಯಿಂಟ್ ಏಳು.
ಇಪ್ಪತ್ಮೂರು ವರ್ಷ ಡಿಪೋದಲ್ಲಿ ಲೆಕ್ಕ ಒಪ್ಪಿಸಿದ್ದೇನೆ,
ಒಂದು ದಿನ ಮೈನಸ್ಸು ಬಂದವಳಲ್ಲ.

ಡಾಕ್ಟರು, ಇನ್ನೂ ಹುಡುಗಿ, ಪೆನ್ನು ಹಿಡಿದು ಕೇಳಿದಳು:
ನಿಮ್ಮ ತಾಯಿಗೆ?
ಸೊಂಟದ ಕೀಲು. ಅರವತ್ತೊಂದರಲ್ಲಿ. ಬಚ್ಚಲ ಹೊಸ್ತಿಲು.
ಅವರ ತಾಯಿಗೆ?
ಹೊಂಬಾಳಮ್ಮ. ಅವಳು ಮುರಿಯಲಿಲ್ಲ; ಬಾಗಿದಳು.
ವರ್ಷ ವರ್ಷ ನೆಲದ ಕಡೆಗೆ,
ಏನೋ ಬಿದ್ದುಹೋಗಿದೆ, ಹುಡುಕಬೇಕು ಅನ್ನುವ ಹಾಗೆ.
ದುಡಿದು ದುಡಿದು ಗೂನಾದಳು ಅಂದಿತು ಊರು.
ಪಾಂಡವಪುರದ ನಾಲೆ ಬಯಲಲ್ಲಿ ಅವಳ ಜೊತೆಗೇ
ಅಷ್ಟೇ ನಾಟಿ ಮಾಡಿದ, ಅಷ್ಟೇ ಹೆತ್ತ ಓರಗಿತ್ತಿ
ಎಂಬತ್ತಕ್ಕೂ ಕಬ್ಬಿನ ಜಲ್ಲೆ.
ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

'ಒಂದೇ ಜೀನ್ ಅಲ್ಲ ಅಮ್ಮಾ, ನೂರಾರು. ಒಂದೊಂದರದ್ದೂ ಚೂರು ಪಾಲು.'
ನನಗೆ ತಿಳಿದದ್ದು ಹೀಗೆ:
ಡ್ಯೂಟಿಗೆ ಹೊರಡುವಾಗ ಚೀಲ ಕೊಡುತ್ತಾರೆ,
ಅದರ ಅಳತೆ ನಾವು ಕೇಳುವ ಹಾಗಿಲ್ಲ.
ಮೂವತ್ತರ ತನಕ ಚಿಲ್ಲರೆ ಬೀಳುತ್ತಿರುತ್ತದೆ,
ಆಮೇಲೆ ಕೊಡುವುದೇ ಹೆಚ್ಚು;
ಮುಟ್ಟು ನಿಂತ ಮೇಲಂತೂ
ಇಳಿಯುವವರೆಲ್ಲ ಒಟ್ಟಿಗೆ ಕೈಚಾಚುತ್ತಾರೆ.
ದೊಡ್ಡ ಚೀಲದವನಿಗೆ ಕೊನೇ ಸ್ಟಾಪಿನವರೆಗೂ ಝಣಝಣ.
ನನ್ನದು ಅರ್ಧ ದಾರಿಗೇ ಬರೀ ಚರ್ಮದ ಸದ್ದು.

ಭೂಮಿಕಾಗೆ ಹದಿಮೂರು.
ಅವಳಿಗೆ ನಿದ್ದೆ ಹತ್ತಿದ ಮೇಲೆ
ಪಟ್ಟಿಯಿಲ್ಲದ ಕೈಯಿಂದ ಅವಳ ಮಣಿಕಟ್ಟು ಸುತ್ತಿದೆ.
ಹೆಬ್ಬೆರಳು ನಡುಬೆರಳಿನ ಗೆಣ್ಣು ದಾಟಿತು.
ಇದು ಅಪ್ಪನ ಬೆರಳಲ್ಲ, ಅಳತೆ ತಪ್ಪಿರಬೇಕು ಅಂದುಕೊಂಡು
ಮತ್ತೆ ಸುತ್ತಿದೆ.
ನಿದ್ದೆಗಣ್ಣಲ್ಲೇ ಕೈ ಕೊಸರಿಕೊಂಡಳು.
ಥೇಟು ಅವ್ವ.

ಗರಡಿಯ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯುವ ಹಾಗಿಲ್ಲ, ಇವತ್ತಿಗೂ.
ಕೆಂಡಗಣ್ಣ ಅದರ ಹಿಂದಿನ ಹಿತ್ತಲಲ್ಲಿ
ಹಾರೆಯಿಂದ ನೆಲ ಕೆದಕಿ, ಎರಡು ಇಟ್ಟಿಗೆಯ ಮೇಲೆ ಕೋಲು ಇಟ್ಟ.
'ಎಗರು ಕೂಸೆ, ಮೆತ್ತಗಲ್ಲ.
ನೀ ಬಂದದ್ದು ನೆಲಕ್ಕೆ ಗೊತ್ತಾಗಬೇಕು.'
ಅವಳು ಚಪ್ಪಲಿ ಬಿಟ್ಟು ಎಗರಿದಳು. ದಡ್.
ಕೋಲು ಬಿತ್ತು. ಇನ್ನೊಮ್ಮೆ. ದಡ್.
ಮಾತ್ರೆಯ ಚೀಟಿ ಸೆರಗಲ್ಲಿ ಕಟ್ಟಿಕೊಂಡು
ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದೆ.
ಚೀಲ ಎಷ್ಟಗಲವೋ, ಯಾರು ಕಂಡವರು.
ಕತ್ತಿನಲ್ಲಿ ನೇತಾಡುತ್ತಿದ್ದ ಸೀಟಿ
ಬಾಯಿಗಿಟ್ಟು ಎರಡು ಸಲ ಊದಿದೆ.
ಎರಡು ಅಂದರೆ, ಬಸ್ಸು ಹತ್ತಿದವರಿಗೆಲ್ಲ ಗೊತ್ತು,
ಹೊರಡು.