ಏಳನೇ ಹಾಸಿಗೆ, ಒಂದನೇ ಟ್ರ್ಯಾಕು

ಗುದೈಬಿಯಾದ ಲಾಂಡ್ರಿಯ ಮೇಲೆ, ಮೂರನೇ ಮಹಡಿ,
ಕಿಟಕಿ ಪಕ್ಕದ ಮೇಲಿನ ಬಂಕು, ನಂಬರ್ ಏಳು.
ಬಾಡಿಗೆ ಅರ್ಧ ನನ್ನದು, ಅರ್ಧ ಗಿಲ್ಬರ್ಟನದು.
ಐದಕ್ಕೆ ಅವನ ಬಸ್ಸು ಹಿದ್ದಿನ ಹಡಗುಕಟ್ಟೆಗೆ ಹೊರಟರೆ
ಐದೂವರೆಗೆ ಬೇಕರಿಯ ವ್ಯಾನು ನನ್ನನ್ನು ಇಳಿಸುತ್ತದೆ,
ಮೈತುಂಬ ಮೈದಾ.
ಹಾಸಿಗೆ ಇನ್ನೂ ಬೆಚ್ಚಗಿರುತ್ತದೆ.
ಶುಕ್ರವಾರ ಅವನಿಗೆ ರಜೆ, ನನಗಿಲ್ಲ;
ಶುಕ್ರವಾರವೂ ಜನಕ್ಕೆ ಖುಬ್ಬೂಸು ಬೇಕು.
ಎರಡು ವರ್ಷದಲ್ಲಿ ಎದುರುಬದುರು ಕೂತು
ಚಹಾ ಕುಡಿದದ್ದು ನಾಲ್ಕು ಸಲವೋ, ಐದು ಸಲವೋ.
ದಿಂಬಿನ ಗುಳಿಯ ಗುರುತು ಮಾತ್ರ ಚೆನ್ನಾಗಿದೆ:
ಎಡಕ್ಕೆ ತಿರುಗಿ ಮಲಗುವವನು.

ರೂಮಿಗೊಂದೇ ಲ್ಯಾಪ್‌ಟಾಪು.
ಎಂಟನೇ ಹಾಸಿಗೆಯ ಲಂಕೆಯವನು ಊರಿಗೆ ಹೋಗುವಾಗ
ಆರು ದಿನಾರಿಗೆ ಬಿಟ್ಟುಹೋದದ್ದು, ಮೂರು ಕೀಲಿ ಉದುರಿವೆ.
ಅದರೊಳಗೆ ಹಾಡು ಕೂಡಿಸುವ ಸಾಫ್ಟ್‌ವೇರು.
ಹಗಲು ನಿದ್ದೆ ಹತ್ತದಿದ್ದರೆ ಹಾಲಿನಪುಡಿಯ ಡಬ್ಬಿ ಬಡಿದು
ಅದಕ್ಕೆ ತುಂಬುತ್ತಿದ್ದೆ.
ಈ ಕೈ ತಾಳ ಕಲಿತದ್ದು ಹೊಸಪೇಟೆ ಬಸ್ಸಿನ ತಗಡಿನ ಮೇಲೆ,
ರೈಟ್, ರೈಟ್, ಹೋಲ್ಡಾನ್ —
ಆರು ವರ್ಷ ಕ್ಲೀನರಾಗಿದ್ದೆ.
ಮಂಗಳವಾರದ ಹೊಡೆತ ಹದವಾಗಿ ಬಂತು.
ನಡುವೆ ಎಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕಿದ್ದೂ
ಲೆಕ್ಕಕ್ಕೆ ಸರಿಯಾಗಿ ಬಿದ್ದಿತ್ತು. ಉಳಿಸಿಟ್ಟು ಹೋದೆ.

ಬುಧವಾರ ಬಂದು ಒತ್ತಿದರೆ
ಮೌತಾರ್ಗನ್ನು!
ಡಬ್ಬಿಯ ಸದ್ದೇ ಇಲ್ಲ.
ನನ್ನ ಸಾಲಿನ ಮೇಲೆಯೇ, ಅದೇ ಜಾಗದಲ್ಲಿ
ಮೈಚಾಚಿ ಮಲಗಿದ್ದ ಗಿಲ್ಬರ್ಟು.

ಒಲೆಯ ಬಾಯಿ ತೆರೆದಂತೆ ಸಿಟ್ಟು ಬಂತು.
ಬೇಕರಿ ಬಿಲ್ಲಿನ ಬೆನ್ನಿಗೆ ಬರೆದೆ:
‘ಹಾಸಿಗೆ ಅರ್ಧ ಕೊಟ್ಟೆ. ತಾಳವನ್ನೂ ಕೊಡಬೇಕೇನು?’
ದಿಂಬಿಗೆ ಪಿನ್ನು ಚುಚ್ಚಿ ಹೋದೆ.
ಗುರುವಾರ ಉತ್ತರವಿಲ್ಲ. ಚೀಟಿಯೂ ಇಲ್ಲ. ಪಿನ್ನೂ ಇಲ್ಲ.
ಮಲಗಿದ ಮೇಲೆ ಮೈಯೆಲ್ಲ
ಆ ಪಿನ್ನನ್ನೇ ಹುಡುಕಿತು.

ಶನಿವಾರ ಬಟ್ಟೆ ಕೊಡಲು ಬಂದ ಲಾಂಡ್ರಿಯ ಜಹಿರುಲ್
ಬಗ್ಗಿ ನೋಡಿ, ‘ಅಳಿಸಿಲ್ಲ ಭಾಯಿ, ಅಡಿಯಲ್ಲಿದೆ’ ಎಂದು
ಎಲ್ಲೋ ಮೆನು ತೆರೆದು ಎಲ್ಲೋ ಒತ್ತಿದ.
ಕಾವಿಗೆ ಉಬ್ಬಿದ ಖುಬ್ಬೂಸಿನ ಹಾಗೆ
ಒಂದೇ ಟ್ರ್ಯಾಕು ಎರಡು ಪದರ ಬಿಟ್ಟುಕೊಂಡಿತು.

ಮೇಲೆ ಅವನು.
ಕೆಳಗೆ ನಾನು, ಕೂದಲೂ ಕೊಂಕಿಲ್ಲ.
ನನ್ನದು ಮುಳ್ಳುಮುಳ್ಳು, ಹಲ್ಲು ಮುರಿದ ಬಾಚಣಿಗೆ;
ಅವನದು ದಿಣ್ಣೆ, ಇಳಿಜಾರು, ಮತ್ತೆ ದಿಣ್ಣೆ,
ಉಸಿರೆಳೆದಲ್ಲಿ ಬರೀ ದಾರ.
ಮೊದಲು ಕೇಳಲಿಲ್ಲ. ನೋಡುತ್ತಲೇ ಕೂತೆ.
ಅವನ ಉಸಿರು ಸೊರಗಿದಲ್ಲಿ ನನ್ನ ಮುಳ್ಳು ದಟ್ಟ;
ನಾನು ಕೈ ತಡೆದಲ್ಲಿ ಅವನು ಏರುತ್ತಿದ್ದಾನೆ.
ಕೇಳಿಕೊಂಡೇ ನುಡಿಸಿದ್ದಾನೆ ಕಳ್ಳ,
ಹೆಡ್‌ಫೋನು ಸಿಕ್ಕಿಸಿಕೊಂಡು, ನಡುರಾತ್ರಿ,
ಅತ್ತ ನಾನು ಮೊಣಕೈವರೆಗೆ ಹಿಟ್ಟಿನಲ್ಲಿದ್ದಾಗ.

ಎಲ್ಲ ಕಡೆಯೂ ಹೀಗಲ್ಲ.
ಎರಡನೇ ನಿಮಿಷದಲ್ಲಿ ಇಬ್ಬರೂ ದಾರಿ ತಪ್ಪಿದ್ದೇವೆ.
ಅಲ್ಲೇ ಒಂದು ವಿಮಾನ ಮುಹರ್ರಕ್ಕಿನತ್ತ ಇಳಿದದ್ದು
ಅವನ ಸಾಲಿನಲ್ಲಿ ದಪ್ಪ ಹುಳುವಿನಂತೆ ಕೂತಿದೆ.
‘ಕತ್ತರಿಸಲೇ?’ ಅಂದ ಜಹಿರುಲ್.
ಬೇಡ, ಎರಡನ್ನೂ ಒಟ್ಟಿಗೆ ಬಿಡು, ಅಂದೆ.

ಇವತ್ತು ಹಾಸಿಗೆ ಕೊಡವುವಾಗ
ನನ್ನದೇ ಚೀಟಿ ಸಿಕ್ಕಿತು, ನಾಲ್ಕು ಮಡಿಕೆ.
ಅಷ್ಟು ಜಾಗ ಖಾಲಿಯಿದ್ದರೂ ಪುಣ್ಯಾತ್ಮ
ನನ್ನ ಅಕ್ಷರದ ಮೇಲೆಯೇ ಪೆನ್ಸಿಲಿನಲ್ಲಿ ಬರೆದಿದ್ದಾನೆ.
ಬಿಡಿಸಿ ತೋರಿಸುವ ಮೆನು ಕಾಗದಕ್ಕಿಲ್ಲ.
ಕಿಟಕಿಯ ಬೆಳಕಿಗೆ ಹಿಡಿದೆ, ಓರೆಯಾಗಿ ಹಿಡಿದೆ:
‘ಪಿನ್ನು’ ಅನ್ನುವುದು ಸ್ಪಷ್ಟ. ಆಮೇಲಿನದು
‘ಸಾರಿ’ ಇರಬಹುದು.
‘ಸಾರು’ ಕೂಡ ಇರಬಹುದು.

ಫ್ರಿಜ್ಜು ತೆರೆದು ನೋಡಿದೆ.
ಮೀನಿನ ಸಾರು, ಸ್ಟೀಲು ಡಬ್ಬಿಯಲ್ಲಿ,
ಮುಚ್ಚಳದ ಮೇಲೆ ನಂಬರ್ ಏಳು.