ಫಲಕದ ಮೂಲೆಯಲ್ಲೊಂದು ನಂಬರು

ನೀಲಿಗೂ ಒಂದು ನಂಬರಿದೆ ಎಂದು ತಿಳಿದದ್ದೇ ಆವತ್ತು.
ಗುತ್ತಲು ರಸ್ತೆಯ ನನ್ನ ಅಂಗಡಿಗೆ ಬಂದು
ಕಂಪನಿಯ ಪ್ರಣೀತಾ ಮೇಡಂ ಪುಸ್ತಕ ಬಿಚ್ಚಿದರು:
ಈ ನೀಲಿ, ಇದೇ ನೀಲಿ, ಆಕಾಶದ್ದಲ್ಲ, ನವಿಲಿನದಲ್ಲ,
ಯಾವುದೋ ದೇಶದಲ್ಲಿ ಕೂತು ಯಾರೋ ಒಪ್ಪಿದ ನೀಲಿ.
ಲೋಗೋ ಸುತ್ತ ಒಂದು ಗೇಣು ಖಾಲಿ ಬಿಡಬೇಕು,
ಅಲ್ಲಿ ಒತ್ತಕ್ಷರದ ಬಾಲವೂ ಇಣುಕಬಾರದು.
ಸಿನಿಮಾ, ಸಕ್ಕರೆ ಕಾರ್ಖಾನೆ, ಸೋತ ಚುನಾವಣೆ, ಗೆದ್ದ ಚುನಾವಣೆ
ಎಲ್ಲಕ್ಕೂ ಕುಂಚ ಅದ್ದಿದವನು ನಾನು,
ಆಗಲಿ ಮೇಡಂ, ಅಂದೆ. ಅಡ್ವಾನ್ಸು ಎಣಿಸಿಕೊಂಡೆ.

ಹುಣಸೆಕೊಪ್ಪಲಿನ ಕೆರೆ ಏರಿಯ ಮೇಲೆ ಕಬ್ಬಿಣದ ಫಲಕ.
ಬರೆಯಬೇಕಾದದ್ದು: ಕೆರೆ ಪುನಶ್ಚೇತನ. ಕೊಡುಗೆ, ಇಂಥ ಕಂಪನಿ.
ಹೂಳು ಎತ್ತಿದ್ದು ಸುಳ್ಳಲ್ಲ, ಕಣ್ಣಾರೆ ಕಂಡೆ,
ಟ್ರ್ಯಾಕ್ಟರುಗಳು ಗೋಡು ಹೊತ್ತು ಗದ್ದೆಗಿಳಿದವು,
ತೂಬಿಗೆ ಹೊಸ ಬಾಗಿಲು, ಏರಿಗೆ ಹೊಂಗೆ ಸಸಿ.
ಇನ್ನೊಂದೂ ಸುಳ್ಳಲ್ಲ:
ಆಚೆ ದಿಣ್ಣೆಯ ಕಾಂಪೌಂಡಿನೊಳಗೆ ಹನ್ನೊಂದು ಬೋರು,
ಹಗಲೂ ರಾತ್ರಿ ಬಾಟಲಿಯ ಬಾಯಿಗೆ ಬಾಯಿಟ್ಟು ನಿಂತಿವೆ.
ಮೇಡಂ ಬಳಿ ಅದಕ್ಕೂ ಲೆಕ್ಕವಿತ್ತು:
ತೆಗೆದದ್ದಕ್ಕಿಂತ ಕೊಟ್ಟದ್ದು ಜಾಸ್ತಿ, ರಿಪೋರ್ಟಿನಲ್ಲಿದೆ.
ಸುಳ್ಳು ಹೇಳುವ ಮುಖವಲ್ಲ ಅದು. ಬಿಸಿಲಲ್ಲಿ ಎಳನೀರು ಕೊಡಿಸಿದರು,
ತಾವೂ ಕುಡಿದು, ಬುರುಡೆ ಎಲ್ಲಿಡಲಿ ಎಂದು ಸುತ್ತ ಹುಡುಕಿದರು.

ತೂಬಿನ ಬಲಕ್ಕೆ ಒಂದು ಕಲ್ಲು, ಅರ್ಧ ಮಣ್ಣೊಳಗೆ.
ಹೆಂಗಸರು ಬಟ್ಟೆ ಒಗೆದೂ ಒಗೆದೂ
ಸೂರ್ಯ ಸವೆದುಹೋಗಿದ್ದ, ಚಂದ್ರ ಉಳಿದಿದ್ದ.
ನೀರುಗಂಟಿ ಹಲಗಯ್ಯನಿಗೆ ಓದು ಬಾರದು,
ಆದರೂ ಬೆರಳಿಟ್ಟು ಓದಿದ, ಅವರಪ್ಪ ಓದುತ್ತಿದ್ದ ಹಾಗೆ:
'ಕೆರೆ ಕಾಯೋನಿಗೆ ಎಲ್ಡು ಖಂಡುಗ ಗದ್ದೆ ಕೊಡಗಿ.
ಮೂಡ್ಲಿಗೆ ಹುಣಸೆಮರ, ತೆಂಕ್ಲಿಗೆ ಹಳ್ಳ,
ಪಡುವ್ಲಿಗೆ ಹುತ್ತ, ಬಡಗ್ಲಿಗೆ ಕುಂಬಾರನ ಆವಿಗೆ.
ಊರೊಕ್ಕಲು ಸಾಕ್ಸಿ.
ಅಳಿದೋನು ಗಂಗೆ ದಡದಲ್ಲಿ ಹಸ ಕೊಂದ ಪಾಪಕ್ಕೆ ಹೋಯ್ತಾನೆ.'
ಆಮೇಲೆ ನನ್ನ ಹಸಿ ಬಣ್ಣ ನೋಡಿ ಕೇಳಿದ:
'ಸಾಬ್ರೆ, ಇದ್ರಲ್ಲಿ ಸಾಕ್ಸಿ ಯಾರು?'
ಡಿಸೈನಿನಲ್ಲಿಲ್ಲ, ಅಂದೆ.
'ಎಷ್ಟ್ ದಿನಕ್ಕೆ?'
ಮೂರು ವರ್ಷದ ಒಪ್ಪಂದವಂತೆ.
ಚಂದ್ರನ ಮೇಲಿನ ಸೋಪಿನ ಕಲೆಯನ್ನು ಅವನು ಉಗುರಿನಿಂದ ಕೆರೆದ.
'ಕೊಟ್ಟೋನು ತನ್ಗೇ ಒಂದ್ ಶಾಪ ಹಾಕ್ಕಬೇಕು ಸಾಬ್ರೆ,
ಆಗ್ಲೇ ಅದು ಕೊಟ್ಟಂಗೆ.'

ಉದ್ಘಾಟನೆಗೆ ಹೊರದೇಶದವರು ಮೂವರು ಬಂದರು.
ಮುಕ್ಕಾಲು ಗಂಟೆ. ಮೈಸೂರು ಪೇಟ. ಕೈಮುಗಿಯುವುದನ್ನು ಕಲಿತು ಬಂದಿದ್ದರು.
ಶಾಮಿಯಾನದ ಹಗ್ಗವನ್ನು ಆ ಕಲ್ಲಿಗೇ ಬಿಗಿದಿದ್ದರು, ಗೂಟ ಸಾಲದೆ.
ಡ್ರೋನು ಹಾರಿತು. ಮೇಲಿನಿಂದ ಕೆರೆ ಚೆನ್ನಾಗಿ ಕಂಡಿತಂತೆ.
ನಾನೋ, ಅಭ್ಯಾಸಬಲ,
ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ಬರೆದಿದ್ದೆ:
ಜಬಿ ಆರ್ಟ್ಸ್, ಮಂಡ್ಯ. ಪಕ್ಕದಲ್ಲಿ ಮೊಬೈಲು ನಂಬರು.

ನಾಲ್ಕನೆಯ ವರ್ಷದ ಆಷಾಢ. ಫೋನು.
'ಜಬಿ ಆರ್ಟ್ಸಾ? ತೂಬಿನ ಬಾಗ್ಲು ಕಚ್ಕಂಡದೆ, ನೀರೆಲ್ಲ ಸೋರ್ತಾ ಅದೆ, ಬನ್ನಿ.'
ನಾನು ಬರೆದವನಮ್ಮ, ಅಷ್ಟೇ.
'ಬೋರ್ಡ್ ಮ್ಯಾಲೆ ನಿಮ್ದೇ ನಂಬ್ರು ಇರಾದು.'
ಮೇಡಂಗೆ ಹಚ್ಚಿದೆ. ಅವರೀಗ ಬೇರೆ ಕಂಪನಿ,
ಬೇರೆ ನೀಲಿ, ಕಣ್ಣಿನ ಶಿಬಿರ ನೋಡಿಕೊಳ್ಳುತ್ತಾರಂತೆ.
ಅವರು ಕೊಟ್ಟ ನಂಬರು ಒಂದು ಒತ್ತಿ, ಎರಡು ಒತ್ತಿ ಎಂದಿತು.
ಒತ್ತಿದೆ. ಸಂಗೀತ ಕೇಳಿಸಿತು. ಬಹಳ ಹೊತ್ತು.
ಅಷ್ಟರಲ್ಲಿ ಮತ್ತೆ ಊರಿನ ಫೋನು; ಆ ಹೆಂಗಸು
ನನ್ನ ವಂಶವನ್ನೇ ನಿವಾಳಿಸಿ ಬೈದಳು, ಗಂಗೆ, ಹಸ, ಏನೂ ಬಿಡದೆ.

ಕೇಳಿಸಿಕೊಂಡೆ. ಶಾಪಕ್ಕೂ ಒಂದು ವಿಳಾಸ ಬೇಕಲ್ಲ,
ಅಷ್ಟಗಲ ಫಲಕದಲ್ಲಿ
ಕರೆದರೆ ಓ ಅನ್ನುವ ಹೆಸರು ಅದೊಂದೇ.

ಗ್ರೀಸಿನ ಡಬ್ಬಿ, ಪೈಪ್ ರೆಂಚು, ಮಗಳ ಸ್ಕೂಟರು.
ಕಲ್ಲಹಳ್ಳಿ ದಾಟಿದವನು ವಾಪಸು ತಿರುಗಿಸಿ
ಸಣ್ಣ ಕುಂಚವನ್ನೂ ಕಪ್ಪು ಎನಾಮಲನ್ನೂ ಹಾಕಿಕೊಂಡೆ.
ಲೋಗೋ ಸುತ್ತಲಿನ ಆ ಖಾಲಿ ಗೇಣಿನಲ್ಲಿ
ಸಾಕ್ಷಿಗಳ ಹೆಸರು ಎಷ್ಟು ಹಿಡಿದಾವು, ನೋಡಬೇಕು.
ಹಲಗಯ್ಯ ಇದ್ದಾನೋ ಇಲ್ಲವೋ, ಫೋನಿನಲ್ಲಿ ಕೇಳಲೇ ಇಲ್ಲ.