ಮುಕ್ಕಾಲಿಯ ಕೆಳಗೆ

ಲಾನ್ ಪಟ್ಟಣದ ಗುಡ್ಡದ ಮೇಲೆ, ಬೆಳಗಿನ ಏಳು.
ಜನಕ್ಕೆ ಬಾಗಿಲು ತೆರೆಯಲು ಇನ್ನೂ ಎರಡು ಗಂಟೆ.
ಬೀಗದ ಗೊಂಚಲು ಮದಾಂ ಕಾರ್ಲಿಯೆಯ ಸೊಂಟದಲ್ಲಿ,
ಕೈಯಲ್ಲಿ ನೆಲ ಒರೆಸುವ ಕೋಲು, ಬಕೆಟ್ಟು.
"ಒದ್ದೆ ಕಡೆ ಕಾಲಿಡಬೇಡ" ಅಂದಳು. ಅಷ್ಟೇ ಮಾತು.

ಕೆಥೆಡ್ರಲ್ಲಿನ ನಟ್ಟನಡುವೆ ಮುಕ್ಕಾಲಿ ಊರಿದೆ.
ಲೆನ್ಸು ತನ್ನ ಕಣ್ಣಪಾಪೆಯನ್ನೇ ಗೂಟ ಮಾಡಿಕೊಂಡು ಸುತ್ತಬೇಕು;
ಕೂದಲೆಳೆ ಜರುಗಿದರೂ ಹತ್ತಿರದ ಕಂಬ
ದೂರದ ಕಂಬದ ಗುಟ್ಟು ಬಿಟ್ಟುಕೊಡುತ್ತದೆ.
ಮೂವತ್ತು ಡಿಗ್ರಿ. ಕ್ಲಿಕ್. ಮತ್ತೆ ಮೂವತ್ತು.
ಒಂದು ಸುತ್ತು ನೇರಕ್ಕೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ,
ಕೊನೆಗೆ ಛಾವಣಿಯ ನೆತ್ತಿಗೆ ಒಂದು.
ಪ್ರತಿಯೊಂದೂ ಮೂರು ಸಲ:
ಗಾಜಿನ ಕಿಟಕಿಯ ಕೆಂಡಕ್ಕೆ ಚಿಟಿಕೆ ಹೊತ್ತು,
ಕಲ್ಲಿಗೆ ಒಂದಿಷ್ಟು,
ಮೂಲೆಯ ಕತ್ತಲೆಗೆ ಎಂಟು ಸೆಕೆಂಡು.
ಕತ್ತಲೆ ಬೇಗ ಬಾಯಿ ಬಿಡುವುದಿಲ್ಲ.

ರಾತ್ರಿ, ಅಡುಗೆಮನೆಯ ಮೇಜಿನ ಮೇಲೆ ಹೊಲಿಗೆ.
ನೆಟ್ಟಗಿದ್ದ ಕಂಬಸಾಲು ಬಿಲ್ಲಿನಂತೆ ಬಾಗಿ,
ಕಮಾನುಗಳು ಉಕ್ಕಿದ ಹಾಲಿನಂತೆ ಅಂಚಿಗೆ ಸುರಿದು,
ಎಂಟು ನೂರು ವರ್ಷ ನಿಂತದ್ದು
ನಾನು ಕಾಫಿ ಬಿಸಿ ಮಾಡುವಷ್ಟರಲ್ಲಿ
ಕುಸಿದು, ಮತ್ತೆ ಎದ್ದಿತು.

ಮದಾಂ ಮೂರು ಕಡೆ ಇದ್ದಾಳೆ.
ಉತ್ತರಕ್ಕೆ ಪೂರ್ತಿ, ಬಟ್ಟೆ ಹಿಂಡುತ್ತ.
ಪೀಠದ ಬಳಿ ಬರೀ ಬೆನ್ನು.
ಇನ್ನೊಂದು ಕಂಬದ ಪಕ್ಕ ಅವಳಿಲ್ಲ, ಬಕೆಟ್ಟು ಮಾತ್ರ,
ನೀರು ಇನ್ನೂ ಅಲುಗುತ್ತಿದೆ.
ಕಚೇರಿಯವರಿಗೆ ಖಾಲಿ ಕಟ್ಟಡ ಬೇಕಂತೆ.
ಇಬ್ಬರನ್ನು ಅಳಿಸಿದೆ. ಬಕೆಟ್ಟು ಬಿಟ್ಟೆ.

ಉಳಿದದ್ದು ತಳದ ತೂತು.
ಎಲ್ಲ ದಿಕ್ಕು ನೋಡಿದ ಯಂತ್ರಕ್ಕೆ ಕಾಣದ್ದು
ತಾನು ಕಾಲೂರಿದ ಜಾಗ.
ದೀಪದ ಬುಡ ಅನ್ನುತ್ತಾರಲ್ಲ, ಹಾಗೆ, ದುಂಡನೆ ಕಪ್ಪು.
ಅಕ್ಕಪಕ್ಕದ ಕಲ್ಲು ಎರವಲು ತಂದು ಮುಚ್ಚಲೇ? ಕೇಳಿತು ಪರದೆ.
ಹೂಂ ಅಂದೆ.
ನುಣ್ಣನೆ ನೆಲ, ಯಾರಿಗೂ ಅನುಮಾನ ಬಾರದಂಥದ್ದು.
ನನಗೂ ಬರುತ್ತಿರಲಿಲ್ಲ,
ಮುಕ್ಕಾಲಿ ಎತ್ತುವಾಗ ಅದರ ಒಂದು ಕಾಲು
ಯಾವುದೋ ಅಕ್ಷರದ ಕುಳಿಯಲ್ಲಿ ಸಿಕ್ಕಿಕೊಂಡದ್ದು
ನೆನಪಾಗದಿದ್ದರೆ.

ಗುರುವಾರ ಮತ್ತೆ ಹೋದೆ.
ನಿಂತು ನೋಡಿದರೆ ಏನೂ ಇಲ್ಲ, ಸವೆದ ಚಪ್ಪಡಿ.
ಮದಾಂ ಕೇಳದೆಯೇ ಒದ್ದೆ ಬಟ್ಟೆ ಒಮ್ಮೆ ಎಳೆದಳು.
ನೀರು ಗೀರುಗಳಿಗಿಳಿದು, ಓರೆ ಬೆಳಕಿಗೆ
ಹೆಸರೊಂದರ ನಡುಭಾಗ ಎದ್ದಿತು:
ಬೆರ್, ಆಮೇಲೆ ಒಂದು ಕತ್ತರಿಯೋ, ಕೈವಾರವೋ.
"ಬೇಗ," ಅಂದಳು, "ಒಣಗುತ್ತೆ."

ಮಂಡಿಯೂರಿ, ಕ್ಯಾಮೆರಾ ಕೈಯಲ್ಲೇ ಹಿಡಿದು, ಉಸಿರು ಕಟ್ಟಿ
ಒಂದೇ ಫ್ರೇಮು.
ಕೆಳಗಂಚಿನಲ್ಲಿ
ಅವಳ ರಬ್ಬರ್ ಬೂಟಿನ ತುದಿ.